ಬೆಸುಗೆಯ ಕಾವು ಮತ್ತು ಕೊಳವೆಯ ಉಕ್ಕು: ಒಂದು ಚಾರಿತ್ರಿಕ ವಿವೇಚನೆ

೧. ವಿಷಯಪ್ರವೇಶ

ಉಕ್ಕಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕುಲುಮೆಯ ಚರಿತ್ರೆಯನ್ನು ಬರೆದಿದ್ದಾರೆ. ಬೆಸುಗೆಯ ಚರಿತ್ರೆಯನ್ನು ಬರೆದವರು ವಿದ್ಯುತ್ ಚಾಪದ, ಬೆಸುಗೆಕಡ್ಡಿಯ ಮತ್ತು ಯಂತ್ರಗಳ ಚರಿತ್ರೆಯನ್ನು ಬರೆದಿದ್ದಾರೆ. ಇವೆರಡು ಚರಿತ್ರೆಗಳೂ ಒಂದನ್ನೊಂದು ಸಂಧಿಸುವ ಸ್ಥಳವೊಂದುಂಟು. ಅದು ಬೆಸುಗೆಯ ಅಂಚಿನಿಂದ ಕೆಲವೇ ಮಿಲಿಮೀಟರುಗಳವರೆಗೆ ಹಬ್ಬಿದ, ಕರಗದೆ ಉಳಿದರೂ ಕಾವಿನಿಂದ ಮಾರ್ಪಟ್ಟ ಉಕ್ಕಿನ ಪಟ್ಟಿ. ಇದನ್ನು ಉಷ್ಣಬಾಧಿತ ವಲಯವೆಂದು ಕರೆಯಬಹುದು. ಕಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ. ಬೆಸುಗೆಯನ್ನು ಅಡ್ಡಲಾಗಿ ಕೊಯ್ದು, ನುಣುಪಾಗಿ ಉಜ್ಜಿ, ಆಮ್ಲದಿಂದ ತೊಳೆದಾಗ ಮಾತ್ರ ಕಪ್ಪನೆಯ ಅಂಚಿನಂತೆ ತೋರುವುದು.

ತೈಲವನ್ನೂ ನೈಸರ್ಗಿಕ ಅನಿಲವನ್ನೂ ಸಾಗಿಸುವ ಕೊಳವೆಮಾರ್ಗಗಳ ಉಕ್ಕು ಕಳೆದ ಮುಕ್ಕಾಲು ಶತಮಾನದಲ್ಲಿ ಆಮೂಲಾಗ್ರವಾಗಿ ಬದಲಾಗಿದೆ. ಅಧಿಕ ಒತ್ತಡವನ್ನು ತಡೆಯುವ ಬಲ ಬೇಕಾದುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧ ಸತ್ಯ. ಬಲವೊಂದೇ ಬೇಕಾಗಿದ್ದರೆ ಇಂಗಾಲವನ್ನು ಹೆಚ್ಚಿಸಿದ್ದರೆ ಸಾಕಾಗುತ್ತಿತ್ತು. ಅದಕ್ಕಿಂತ ಅಗ್ಗವಾದ ಮಾರ್ಗ ಮತ್ತೊಂದಿಲ್ಲ. ವಾಸ್ತವದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ಉಕ್ಕಿನ ಬಲ ಏರುತ್ತ ಹೋದಂತೆ ಅದರಲ್ಲಿನ ಇಂಗಾಲ ಇಳಿಯುತ್ತ ಬಂದಿತು. ಬೆಸುಗೆಯ ಕಾವನ್ನು ಉಂಡೂ ಒಡೆಯದೆ ನಿಲ್ಲುವ ಉಕ್ಕು ಬೇಕಾದುದೇ ಈ ವೈಚಿತ್ರ್ಯಕ್ಕೆ ಮುಖ್ಯ ಕಾರಣವೆಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨. ಕಾವು ಉಕ್ಕಿಗೆ ಮಾಡುವುದೇನು?

ನಮ್ಮ ಹಳ್ಳಿಯ ಕಮ್ಮಾರನು ಕುಡುಗೋಲಿನ ಬಾಯನ್ನು ಕೆಂಪಗೆ ಕಾಯಿಸಿ, ತಟಕ್ಕನೆ ನೀರಿನಲ್ಲಿ ಅದ್ದಿ ಗಡುಸು ಮಾಡುವನು. ಅನಂತರ ಅದನ್ನು ಹದವಾಗಿ ಮತ್ತೆ ಕಾಯಿಸಿ ಪೆಡಸುತನವನ್ನು ಕಳೆಯುವನು. ಎರಡನೆಯ ಕಾರ್ಯವನ್ನು ಮರೆತರೆ ಬಾಯಿ ಚಕ್ಕೆಯೇಳುವುದೆಂಬುದು ಅವನಿಗೆ ಅನುಭವದಿಂದ ತಿಳಿದಿದೆ. ಬೆಸುಗೆ ಹಾಕುವಾಗ ಇದೇ ಕ್ರಿಯೆ ಯಾರೂ ಉದ್ದೇಶಿಸದೆ ನಡೆದುಹೋಗುತ್ತದೆ. ಚಾಪದ ಬಳಿಯ ಉಕ್ಕು ಸುಮಾರು ೧,೫೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಅದರ ಪಕ್ಕದ ಉಕ್ಕು ಕರಗದೆ ಕಾಯುವುದು. ಚಾಪ ಮುಂದೆ ಸರಿದೊಡನೆ ಸುತ್ತಲಿನ ತಣ್ಣನೆಯ ಲೋಹವೇ ನೀರಿನ ತೊಟ್ಟಿಯ ಕೆಲಸ ಮಾಡಿ ಆ ಕಾವನ್ನು ಹೀರಿಕೊಳ್ಳುವುದು.

ಸೊರ್ಬಿ ಮೊದಲಾದವರಿಂದ ಆರಂಭವಾದ ಲೋಹದರ್ಶನಶಾಸ್ತ್ರದ ನೆರವಿಲ್ಲದೆ ಈ ಬದಲಾವಣೆಯನ್ನು ಅರಿಯಲು ಸಾಧ್ಯವಿರಲಿಲ್ಲ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹೆನ್ರಿ ಕ್ಲಿಫ್ಟನ್ ಸೊರ್ಬಿಯು ೧೮೬೩-೬೪ರಲ್ಲಿ ಉಕ್ಕನ್ನು ಸೂಕ್ಷ್ಮದರ್ಶಕದಡಿ ಇರಿಸಿ, ಅದು ಹರಳುಗಳ ಸಮುದಾಯವೆಂಬುದನ್ನು ತೋರಿಸಿದನು. ಸಾಧಾರಣ ಶಾಖದಲ್ಲಿ ಕಡಿಮೆ ಇಂಗಾಲದ ಉಕ್ಕಿನ ಬಹುಭಾಗ ಫೆರೈಟ್ ಎಂಬ ಮೆದುವಾದ ಹರಳು. ಅದರ ನಡುನಡುವೆ ಇಂಗಾಲವನ್ನು ಹಿಡಿದಿಟ್ಟುಕೊಂಡ ಪರ್ಲೈಟ್ ಇರುವುದು. ಸುಮಾರು ೭೨೦ ಡಿಗ್ರಿಗಿಂತ ಮೇಲೆ ಕಾಯಿಸಿದರೆ ಇವು ಆಸ್ಟೆನೈಟ್ ಎಂಬ ಮತ್ತೊಂದು ರೂಪಕ್ಕೆ ತಿರುಗತೊಡಗುವುವು. ನಿಧಾನವಾಗಿ ತಣಿಸಿದರೆ ಹಳೆಯ ರೂಪ ಮರಳುವುದು. ಬೇಗನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಅವಕಾಶವಿಲ್ಲದೆ ಮಾರ್ಟೆನ್ಸೈಟ್ ಎಂಬ ಗಡುಸಾದ ರಚನೆ ಉಂಟಾಗುವುದು. ಇವೆರಡರ ನಡುವಣ ವೇಗದಲ್ಲಿ ಬೈನೈಟ್ ಹುಟ್ಟುವುದು.

ಬೆಸುಗೆಯ ಅಂಚಿನಿಂದ ಹೊರಕ್ಕೆ ಹೋದಂತೆ ಉಕ್ಕು ಕಂಡ ಗರಿಷ್ಠ ಶಾಖ ಕಡಿಮೆಯಾಗುತ್ತ ಹೋಗುವುದರಿಂದ ಉಷ್ಣಬಾಧಿತ ವಲಯದಲ್ಲಿ ನಾಲ್ಕು ಭಾಗಗಳನ್ನು ಗುರುತಿಸುವರು. ಕರಗಿದ ಲೋಹಕ್ಕೆ ತಾಗಿಕೊಂಡಿದ್ದು, ಸುಮಾರು ೧,೧೦೦ ಡಿಗ್ರಿಗೆ ಮೀರಿ ಕಾದ ಭಾಗದಲ್ಲಿ ಹರಳುಗಳು ಬಹಳ ದೊಡ್ಡವಾಗಿ ಬೆಳೆಯುವುವು. ಅದರ ಆಚೆ, ಸುಮಾರು ೯೦೦ ಡಿಗ್ರಿಯವರೆಗೆ ಕಾದ ಭಾಗದಲ್ಲಿ ಹರಳುಗಳು ಹೊಸದಾಗಿ ಹುಟ್ಟಿದರೂ ಬೆಳೆಯಲು ಸಮಯವಿಲ್ಲದೆ ಸಣ್ಣವಾಗಿಯೇ ಉಳಿಯುವುವು. ಮೂರನೆಯದರಲ್ಲಿ ಉಕ್ಕಿನ ಒಂದಂಶ ಮಾತ್ರ ರೂಪಾಂತರ ಹೊಂದುವುದು. ನಾಲ್ಕನೆಯದು ೭೨೦ ಡಿಗ್ರಿಗೆ ಕೆಳಗೆ ಕಾದು, ಕಮ್ಮಾರನ ಎರಡನೆಯ ಕಾಯಿಸುವಿಕೆಯಂತೆ ಹದಗೊಂಡ ಭಾಗ. ಒಂದೇ ತಗಡಿನೊಳಗೆ, ಒಂದು ಬೆರಳಿನ ಅಗಲಕ್ಕಿಂತ ಕಿರಿದಾದ ಜಾಗದಲ್ಲಿ, ನಾಲ್ಕು ಬಗೆಯ ಉಕ್ಕುಗಳು ಹೀಗೆ ಅಕ್ಕಪಕ್ಕದಲ್ಲಿ ನೆಲೆಸುವುವು.

ಇಲ್ಲಿ ದಾರ್ಢ್ಯವೆಂಬ ಪದದ ಅರ್ಥವನ್ನು ಸ್ಪಷ್ಟಪಡಿಸುವುದು ಅವಶ್ಯಕ. ಬಲವೆಂದರೆ ಎಳೆತವನ್ನು ತಡೆಯುವ ಸಾಮರ್ಥ್ಯ; ಗಡುಸುತನವೆಂದರೆ ಗೀರಿಗೂ ತಗ್ಗಿಗೂ ಮಣಿಯದಿರುವುದು. ದಾರ್ಢ್ಯವಾದರೋ ಬಿರುಕು ಹುಟ್ಟಿದ ಮೇಲೂ ಅದು ಹರಿಯದಂತೆ ಹಿಡಿದು ನಿಲ್ಲಿಸುವ ಗುಣ. ಗಾಜು ಗಡುಸು, ಆದರೆ ಅದಕ್ಕೆ ದಾರ್ಢ್ಯವಿಲ್ಲ. ಉಕ್ಕಿನ ಈ ಗುಣವನ್ನು ಅಳೆಯುವ ವಿಧಾನವನ್ನು ಫ್ರಾನ್ಸಿನ ಜಾರ್ಜ್ ಶಾರ್ಪಿ ೧೯೦೧ರಲ್ಲಿ ವ್ಯವಸ್ಥಿತಗೊಳಿಸಿದನು. ಕಚ್ಚು ಮಾಡಿದ ಸಣ್ಣ ಉಕ್ಕಿನ ತುಂಡನ್ನು ಲೋಲಕದ ಏಟಿನಿಂದ ಮುರಿದು, ಮುರಿಯಲು ವ್ಯಯವಾದ ಶಕ್ತಿಯನ್ನು ಅಳೆಯುವುದೇ ಆ ಪರೀಕ್ಷೆ. ಅದೇ ಉಕ್ಕು ಬೆಚ್ಚಗಿದ್ದಾಗ ಬಹಳ ಶಕ್ತಿಯನ್ನು ಬೇಡುವುದು. ಒಂದು ಮಿತಿಗಿಂತ ತಣ್ಣಗಾದಾಗ ಮಡಕೆಯ ಚೂರಿನಂತೆ ಒಡೆಯುವುದು. ಆ ಮಿತಿಗೆ ಸಂಕ್ರಮಣ ಶಾಖವೆಂದು ಹೆಸರು. ಹರಳು ದೊಡ್ಡದಾದಷ್ಟೂ ಈ ಮಿತಿ ಮೇಲೇರುವುದು. ಎಂದರೆ, ಬೆಸುಗೆಯ ಪಕ್ಕದ ಉಕ್ಕು ಸಾಮಾನ್ಯವಾದ ಚಳಿಗೇ ಪೆಡಸಾಗುವ ಸಂಭವವುಂಟು.

೩. ಮೊದಲ ಪಾಠಗಳು

ರಿವೆಟ್ಟುಗಳಿಂದ ಜೋಡಿಸಿದ ಸೇತುವೆಗಳ ಸ್ಥಾನವನ್ನು ಬೆಸುಗೆಯ ಸೇತುವೆಗಳು ಆಕ್ರಮಿಸಿದುದು ೧೯೩೦ರ ದಶಕದಲ್ಲಿ. ಜರ್ಮನಿಯಲ್ಲಿ ಸೇಂಟ್ ೫೨ ಎಂದು ಓದಿಕೊಳ್ಳಬಹುದಾದ, ಆದರೆ ಉಕ್ಕು ಎಂಬ ಜರ್ಮನ್ ಪದದ ಮೊದಲಕ್ಷರಗಳನ್ನು ಹೊತ್ತ ‘ಎಸ್‌ಟಿ ೫೨’ ಎಂಬ ಹೆಚ್ಚು ಬಲದ ಉಕ್ಕು ಬಳಕೆಗೆ ಬಂದಿತು. ೧೯೩೬ರಲ್ಲಿ ಬರ್ಲಿನ್ನಿನ ಮೃಗಾಲಯದ ಬಳಿಯ ರೈಲುಸೇತುವೆಯಲ್ಲಿ, ೧೯೩೮ರ ಜನವರಿಯಲ್ಲಿ ರ‍್ಯೂಡರ್ಸ್‌ಡಾರ್ಫಿನ ಹೆದ್ದಾರಿಸೇತುವೆಯಲ್ಲಿ, ಇದೇ ಉಕ್ಕಿನ ದಪ್ಪ ತೊಲೆಗಳು ಬಿರುಕುಬಿಟ್ಟವು. ದಪ್ಪ ಲೋಹ ಬೆಸುಗೆಯ ಕಾವನ್ನು ಬೇಗ ಹೀರಿಕೊಳ್ಳುವುದರಿಂದ ಪಕ್ಕದ ಪಟ್ಟಿ ಗಡುಸಾಗಿ ಪೆಡಸಾಯಿತೆಂಬ ವಿಚಾರ ಈ ಘಟನೆಗಳ ಪರಿಶೀಲನೆಯಲ್ಲಿ ಮುಂದೆ ಬಂದಿತು. ತಗಡಿನ ಮೇಲೆ ಒಂದು ಸಾಲು ಬೆಸುಗೆಯನ್ನು ಹಾಕಿ, ಅನಂತರ ಅದನ್ನು ಬಗ್ಗಿಸಿ ನೋಡುವ ಪರೀಕ್ಷೆಯನ್ನು ಜರ್ಮನರು ಜಾರಿಗೆ ತಂದರು. ಉಕ್ಕನ್ನು ಅದು ಬಂದ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಸಾಲದು, ಬೆಸುಗೆಯ ಕಾವನ್ನು ಕಂಡ ಮೇಲೆ ಪರೀಕ್ಷಿಸಬೇಕು ಎಂಬ ತತ್ತ್ವ ಇಲ್ಲಿ ಮೊದಲಬಾರಿಗೆ ನಿಯಮದ ರೂಪ ತಾಳಿತೆನ್ನಬಹುದು.

ಅದೇ ವರ್ಷದ ಮಾರ್ಚ್ ೧೪ರಂದು ಬೆಲ್ಜಿಯಂನ ಹ್ಯಾಸೆಲ್ಟಿನಲ್ಲಿ ಆಲ್ಬರ್ಟ್ ಕಾಲುವೆಯ ಮೇಲಿನ, ಸುಮಾರು ೭೫ ಮೀಟರ್ ಉದ್ದದ ಬೆಸುಗೆಯ ಸೇತುವೆ ಗುಂಡು ಹಾರಿದಂತೆ ಸದ್ದುಮಾಡಿ ಸೀಳಿತು. ಕೆಲವೇ ನಿಮಿಷಗಳಲ್ಲಿ ಮೂರು ತುಂಡಾಗಿ ನೀರಿಗೆ ಬಿದ್ದಿತು. ಅದು ಸಂಚಾರಕ್ಕೆ ತೆರೆದು ಒಂದು ವರ್ಷಕ್ಕೆ ಸ್ವಲ್ಪ ಮೇಲಾಗಿತ್ತಷ್ಟೆ.

ಎರಡನೆಯ ಮಹಾಯುದ್ಧದ ಹಡಗುಗಳು ಈ ಪ್ರಶ್ನೆಯನ್ನು ಇಡೀ ಜಗತ್ತಿನ ಮುಂದಿಟ್ಟವು. ಅಮೆರಿಕದಲ್ಲಿ ಲಿಬರ್ಟಿ ವರ್ಗದ ಹಡಗುಗಳೇ ೨,೭೦೦ಕ್ಕೂ ಹೆಚ್ಚು ಕಟ್ಟಲ್ಪಟ್ಟವು. ಬೆಸುಗೆಯಿಲ್ಲದಿದ್ದರೆ ಆ ವೇಗ ಅಸಾಧ್ಯವಾಗಿತ್ತು. ೧೯೪೩ರ ಜನವರಿ ೧೬ರಂದು ಆರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡಿನಲ್ಲಿ, ಶಾಂತವಾದ ನೀರಿನಲ್ಲಿ ಕಟ್ಟೆಯ ಬಳಿ ನಿಂತಿದ್ದ ಸ್ಕೆನೆಕ್ಟಡಿ ಎಂಬ ಹೊಸ ತೈಲವಾಹಕ ಹಡಗು ನಡುವೆ ಸೀಳಿ ಎರಡಾಯಿತು. ಜನರ ಸಂದೇಹ ಸಹಜವಾಗಿಯೇ ಬೆಸುಗೆಗಾರರ ಮೇಲೆ ತಿರುಗಿತು. ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿಯು ಒಡೆದ ತಗಡುಗಳನ್ನು ಪರೀಕ್ಷಿಸಿ, ಆ ಉಕ್ಕೇ ಚಳಿಯಲ್ಲಿ ಪೆಡಸಾಗುವ ಸ್ವಭಾವದ್ದೆಂದು ತೋರಿಸಿದಳು. ಬೆಸುಗೆಯ ದೋಷಗಳೂ ರಚನೆಯ ಚೂಪಾದ ಮೂಲೆಗಳೂ ಬಿರುಕಿಗೆ ಎಡೆಮಾಡಿಕೊಟ್ಟವು. ರಿವೆಟ್ಟಿನ ಹಡಗಿನಲ್ಲಿ ಒಂದು ತಗಡಿನ ಅಂಚಿಗೆ ಬಂದು ನಿಲ್ಲಬಹುದಾಗಿದ್ದ ಬಿರುಕು ಬೆಸುಗೆಯ ಹಡಗಿನಲ್ಲಿ ಅಖಂಡವಾದ ಲೋಹದೊಳಗೆ ಓಡಿತು. ಮುರಿದ ತಗಡುಗಳ ಅಧ್ಯಯನದಿಂದ, ಶಾರ್ಪಿ ಪರೀಕ್ಷೆಯಲ್ಲಿ ೧೫ ಅಡಿ-ಪೌಂಡು, ಎಂದರೆ ಸುಮಾರು ೨೦ ಜೌಲ್ ಶಕ್ತಿಯನ್ನು ಒಂದು ಗಡಿಯೆಂದು ಪರಿಗಣಿಸುವ ಪದ್ಧತಿ ಹುಟ್ಟಿತು.

ಈ ನಿರ್ಣಯ ಸರಿಯಾದುದೇ. ಆದರೆ ಇದರಿಂದ ಒಂದು ಏಕಪಕ್ಷೀಯ ನಂಬಿಕೆಯೂ ಬೆಳೆಯಲು ಅವಕಾಶವಾಯಿತು. ತಗಡಿನ ಉಕ್ಕು ಒಳ್ಳೆಯದಾಗಿದ್ದರೆ ಮಿಕ್ಕುದೆಲ್ಲ ಸರಿಹೋಗುವುದೆಂದು ಹಲವರು ಭಾವಿಸಿದರು. ಜರ್ಮನ್ ಸೇತುವೆಗಳು ಕಲಿಸಿದ್ದ ಪಾಠ ಹಿಂದೆ ಸರಿಯಿತು.

೪. ಮೆಲ್ಬರ್ನಿನ ಸೇತುವೆ ಮತ್ತು ಪ್ರಯೋಗಶಾಲೆಯ ಅನುಕರಣ

ಆ ಪಾಠ ಮರಳಿ ಬಂದುದು ಆಸ್ಟ್ರೇಲಿಯದಿಂದ. ಮೆಲ್ಬರ್ನಿನ ಕಿಂಗ್ ಸ್ಟ್ರೀಟ್ ಸೇತುವೆ ೧೯೬೧ರ ಏಪ್ರಿಲಿನಲ್ಲಿ ತೆರೆಯಿತು. ೧೯೬೨ರ ಜುಲೈ ೧೦ರ ಚಳಿಯ ಮುಂಜಾನೆ ಸುಮಾರು ೪೫ ಟನ್ ಭಾರದ ವಾಹನವೊಂದು ಹಾಯುತ್ತಿದ್ದಾಗ ಅದರ ತೊಲೆಗಳು ಮುರಿದು ಸೇತುವೆಯ ಒಂದು ಅಂಕಣ ಕುಸಿಯಿತು. ಕೆಳಗಿದ್ದ ಗೋಡೆಗಳು ತಡೆದುದರಿಂದ ಪ್ರಾಣಹಾನಿ ತಪ್ಪಿತು. ರಾಜಾಜ್ಞೆಯಿಂದ ನೇಮಕಗೊಂಡ ಆಯೋಗ ೧೯೬೩ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ತೊಲೆಯ ಕೆಳಪಟ್ಟಿಗೆ ಬಲ ಕೊಡಲು ಹಚ್ಚಿದ್ದ ಹೆಚ್ಚುವರಿ ತಗಡಿನ ತುದಿಯಲ್ಲಿ ಅಡ್ಡಲಾಗಿ ಹಾಕಿದ್ದ ಬೆಸುಗೆಯ ಬುಡದಲ್ಲಿ, ಉಷ್ಣಬಾಧಿತ ವಲಯದಲ್ಲಿ, ಬಿರುಕುಗಳು ಹುಟ್ಟಿದ್ದವು. ಕಾರ್ಖಾನೆಯಲ್ಲಿ ಬೆಸುಗೆ ಹಾಕಿದಾಗಲೇ ಹುಟ್ಟಿದ ಇಂತಹ ಬಿರುಕುಗಳಿಂದ ಹೊರಟ ಸೀಳು, ಚಳಿಯಲ್ಲಿ ದಾರ್ಢ್ಯ ಸಾಲದ ತಗಡಿನೊಳಗೆ ಹರಿದಿತ್ತು. ಹಡಗುಗಳು ತಗಡಿನ ದೋಷವನ್ನು ಬೆಳಕಿಗೆ ತಂದಂತೆ, ಈ ಸೇತುವೆ ತಗಡೂ ವಲಯವೂ ಕೂಡಿ ಮಾಡುವ ಅನರ್ಥವನ್ನು ತೋರಿಸಿತು.

ಇಷ್ಟರಲ್ಲಿ ಶಾಸ್ತ್ರವೂ ಮುಂದುವರಿದಿತ್ತು. ಚಲಿಸುವ ಕಾವಿನ ಸುತ್ತ ಲೋಹದಲ್ಲಿ ಶಾಖ ಹೇಗೆ ಹರಡುವುದೆಂಬುದಕ್ಕೆ ಡೇನಿಯಲ್ ರೊಸೆಂಥಾಲ್ ೧೯೪೧ರಲ್ಲಿ ಪ್ರಕಟಿಸಿದ ಗಣಿತಸೂತ್ರಗಳು ದಾರಿ ತೋರಿದವು. ಉಕ್ಕಿನ ರೂಪಾಂತರಗಳು ಬಹುಮಟ್ಟಿಗೆ ೮೦೦ರಿಂದ ೫೦೦ ಡಿಗ್ರಿಗಳ ನಡುವೆ ನಡೆಯುವುದರಿಂದ, ಈ ಅಂತರವನ್ನು ತಣಿದು ದಾಟಲು ಹಿಡಿಯುವ ಕಾಲವೇ ಬೆಸುಗೆಯ ಕಾವನ್ನು ನಿರೂಪಿಸುವ ಮುಖ್ಯ ಅಳತೆಯಾಯಿತು.

ಉಷ್ಣಬಾಧಿತ ವಲಯದ ಒಂದೊಂದು ಭಾಗವೂ ಅಷ್ಟು ಕಿರಿದಾಗಿರುವಾಗ ಅದರ ಗುಣವನ್ನು ಪ್ರತ್ಯೇಕವಾಗಿ ಅಳೆಯುವುದು ಹೇಗೆ? ಅಮೆರಿಕದ ರೆನ್ಸೆಲೀರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ನಿಪ್ಪೆಸ್ ಮತ್ತು ಸ್ಯಾವೇಜ್ ಎಂಬ ವಿದ್ವಾಂಸರು ೧೯೪೦ರ ದಶಕದ ಕೊನೆಯಲ್ಲಿ ಇದಕ್ಕೆ ಉಪಾಯವನ್ನು ಕಂಡರು. ಉಕ್ಕಿನ ಸರಳಿನೊಳಗೆ ವಿದ್ಯುತ್ತನ್ನು ಹರಿಸಿ, ಬೆಸುಗೆಯ ಪಕ್ಕದ ಒಂದು ಬಿಂದು ಅನುಭವಿಸುವ ಕಾವು ಮತ್ತು ತಣಿವುಗಳನ್ನು ಇಡೀ ಸರಳಿಗೆ ಕೊಟ್ಟು, ಅನಂತರ ಅದನ್ನು ಶಾರ್ಪಿ ಪರೀಕ್ಷೆಗೆ ಒಡ್ಡಿದರು. ಗ್ಲೀಬಲ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಯಂತ್ರ ಈ ಪ್ರಯತ್ನದ ಫಲ. ಕೂದಲೆಳೆಯಷ್ಟು ಕಿರಿದಾದ ಜಾಗದ ಸ್ವಭಾವವನ್ನು ಕೈಯಲ್ಲಿ ಹಿಡಿಯಬಹುದಾದ ತುಂಡಿನಲ್ಲಿ ಪರೀಕ್ಷಿಸಲು ಇದರಿಂದ ಸಾಧ್ಯವಾಯಿತು.

೫. ಒಂದು ಕೊಳವೆ, ಎರಡು ಬೆಸುಗೆ

ಈಗ ಕೊಳವೆಮಾರ್ಗಗಳಿಗೆ ಬರೋಣ. ಯುದ್ಧಕಾಲದಲ್ಲಿ, ೧೯೪೨-೪೩ರಲ್ಲಿ, ಟೆಕ್ಸಾಸಿನಿಂದ ಅಮೆರಿಕದ ಪೂರ್ವತೀರದ ಕಡೆಗೆ ೨೪ ಅಂಗುಲ ವ್ಯಾಸದ ಬಿಗ್ ಇಂಚ್ ಎಂಬ ತೈಲಮಾರ್ಗವನ್ನು ಹಾಕಿದರು. ಸುಮಾರು ೨,೦೦೦ ಕಿಲೋಮೀಟರ್ ಉದ್ದದ ಈ ಕೆಲಸ ದೂರದ ಕೊಳವೆಮಾರ್ಗಗಳ ಯುಗಕ್ಕೆ ನಾಂದಿಯಾಯಿತು. ಅನಂತರದ ದಶಕಗಳಲ್ಲಿ ದೊಡ್ಡ ವ್ಯಾಸದ ಕೊಳವೆಗಳನ್ನು ತಗಡಿನಿಂದ ಮಾಡುವ ಪದ್ಧತಿ ಪ್ರಬಲವಾಯಿತು. ತಗಡನ್ನು ಬಾಗಿಸಿ ದುಂಡಗೆ ಮಾಡಿ, ಅಂಚುಗಳನ್ನು ಉದ್ದಕ್ಕೂ ಬೆಸೆಯುವರು. ಇಂತಹ ಕೊಳವೆಗಳನ್ನು ಹೊಲಗದ್ದೆಗಳಲ್ಲಿ ಸಾಲಾಗಿಟ್ಟು ತುದಿಗೆ ತುದಿ ಸೇರಿಸಿ ಸುತ್ತಲೂ ಬೆಸೆಯುವರು. ಮೊದಲನೆಯದನ್ನು ನೀಳಬೆಸುಗೆಯೆಂದೂ ಎರಡನೆಯದನ್ನು ಸುತ್ತುಬೆಸುಗೆಯೆಂದೂ ಕರೆಯೋಣ.

ನೀಳಬೆಸುಗೆ ಕಾರ್ಖಾನೆಯ ಕೆಲಸ. ಪುಡಿಯ ರಾಶಿಯೊಳಗೆ ಹುದುಗಿ ಉರಿಯುವ ಚಾಪದಿಂದ, ಒಳಗೊಂದು ಹೊರಗೊಂದು ಸಾಲಿನಲ್ಲಿ, ದಪ್ಪ ತಗಡನ್ನು ಯಂತ್ರ ಬೆಸೆದುಬಿಡುವುದು. ಮಿಲಿಮೀಟರಿಗೆ ಎರಡರಿಂದ ನಾಲ್ಕು ಕಿಲೋಜೌಲಿನಷ್ಟು ಕಾವು ಇಲ್ಲಿ ಸೇರುವುದುಂಟು. ತಣಿಯಲು ಬಹಳ ಹೊತ್ತು ಬೇಕು. ಆದುದರಿಂದ ಇಲ್ಲಿನ ಅಪಾಯ ಹರಳುಗಳು ಮಿತಿಮೀರಿ ಬೆಳೆಯುವುದು. ಸುತ್ತುಬೆಸುಗೆ ಬಯಲಿನ ಕೆಲಸ. ಗಾಳಿ, ಮಳೆ, ಚಳಿಗಳ ನಡುವೆ ಬೆಸುಗೆಗಾರನು ಕೈಯಿಂದ ಮಾಡುವಂಥದು. ೧೯೩೦ರ ದಶಕದಿಂದ ಬಳಕೆಯಲ್ಲಿರುವ ಸೆಲ್ಯುಲೋಸ್ ಲೇಪದ ಕಡ್ಡಿಗಳಿಂದ ಮೇಲಿನಿಂದ ಕೆಳಕ್ಕೆ ವೇಗವಾಗಿ ಬೆಸೆಯುವಾಗ ಸೇರುವ ಕಾವು ಸಾಮಾನ್ಯವಾಗಿ ಮಿಲಿಮೀಟರಿಗೆ ಒಂದು ಕಿಲೋಜೌಲನ್ನು ಮೀರುವುದಿಲ್ಲ. ಕೊಳವೆ ಕೆಲವೇ ಕ್ಷಣಗಳಲ್ಲಿ ತಣಿಯುವುದು. ಪಕ್ಕದ ಉಕ್ಕು ಗಡುಸಾಗುವುದು. ಅದಲ್ಲದೆ, ಉರಿದ ಸೆಲ್ಯುಲೋಸಿನಿಂದ ಹೊರಟ ಜಲಜನಕ ಲೋಹದೊಳಗೆ ಕರಗಿ ಸೇರುವುದು. ಗಡುಸಾದ ಉಕ್ಕು, ಒಳಗೆ ಸಿಕ್ಕಿಕೊಂಡ ಜಲಜನಕ, ತಣಿಯುವಾಗಿನ ಬಿಗಿತ, ಈ ಮೂರೂ ಕೂಡಿದರೆ ಬೆಸುಗೆ ತಣ್ಣಗಾಗಿ ಗಂಟೆಗಳೋ ದಿನಗಳೋ ಕಳೆದಮೇಲೆ ಬಿರುಕು ಹುಟ್ಟುವುದು. ಬೆಸುಗೆಗಾರನು ಆ ವೇಳೆಗೆ ಮುಂದಿನ ಹೊಲಕ್ಕೆ ಹೋಗಿರುತ್ತಾನೆ.

ಹೀಗೆ ಒಂದೇ ಕೊಳವೆಯ ಉಕ್ಕು ಎರಡು ವಿರುದ್ಧ ಪರೀಕ್ಷೆಗಳಿಗೆ ಒಳಗಾಗಬೇಕು. ಕಾವು ಹೆಚ್ಚಾದೆಡೆ ಅದು ದಪ್ಪಹರಳಾಗಬಾರದು. ಕಾವು ಕಡಿಮೆಯಾದೆಡೆ ಗಡುಸಾಗಬಾರದು. ಒಂದಕ್ಕೆ ಮಾಡಿದ ಪರಿಹಾರ ಮತ್ತೊಂದಕ್ಕೆ ಮಾರಕವಾಗುವ ಸಂಭವವಿರುವುದರಿಂದ, ಬೆಸೆಯುವ ಕ್ರಮವನ್ನು ಬದಲಾಯಿಸಿದ ಮಾತ್ರಕ್ಕೆ ಸಮಸ್ಯೆ ತೀರದು. ಉಕ್ಕೇ ಬದಲಾಗಬೇಕಾಗಿತ್ತು.

ಇದಕ್ಕೆ ಮತ್ತೊಂದು ಒತ್ತಾಯವೂ ಸೇರಿತು. ೧೯೬೦ರಲ್ಲಿ ಅಮೆರಿಕದ ಅನಿಲಮಾರ್ಗವೊಂದರಲ್ಲಿ ಹುಟ್ಟಿದ ಪೆಡಸು ಬಿರುಕು ಸುಮಾರು ೧೩ ಕಿಲೋಮೀಟರ್ ಓಡಿದ ಮೇಲೆ ನಿಂತಿತು. ಅನಿಲದ ಒತ್ತಡ ಇಳಿಯುವ ವೇಗಕ್ಕಿಂತ ಬಿರುಕಿನ ವೇಗ ಹೆಚ್ಚಾಗಿದ್ದುದರಿಂದ ಅದಕ್ಕೆ ತಡೆಯೇ ಇರಲಿಲ್ಲ. ಬಿರುಕು ಹುಟ್ಟದಂತೆ ಬೆಸುಗೆಯ ವಲಯ ಇರಬೇಕು. ಹುಟ್ಟಿದರೂ ಓಡದಂತೆ ತಗಡು ಇರಬೇಕು. ಎರಡಕ್ಕೂ ದಾರ್ಢ್ಯವೇ ಬೇಕು.

೬. ಇಂಗಾಲದ ಇಳಿತ

ಉಕ್ಕಿನ ಬೆಸುಗೆಯೋಗ್ಯತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಪ್ರಯತ್ನವನ್ನು ಇಂಗ್ಲೆಂಡಿನಲ್ಲಿ ಡಿಯರ್ಡನ್ ಮತ್ತು ಓನೀಲ್ ೧೯೪೦ರಲ್ಲಿ ಮಾಡಿದ್ದರು. ಮ್ಯಾಂಗನೀಸ್ ಮೊದಲಾದ ಧಾತುಗಳೂ ಇಂಗಾಲದಂತೆಯೇ, ಆದರೆ ಕಡಿಮೆ ಪ್ರಮಾಣದಲ್ಲಿ, ಉಕ್ಕನ್ನು ಗಡುಸು ಮಾಡುವುವು. ಒಂದೊಂದರ ಪ್ರಭಾವ ಎಷ್ಟು ಇಂಗಾಲಕ್ಕೆ ಸಮವೆಂದು ಲೆಕ್ಕಹಾಕಿ ಕೂಡಿಸಿದರೆ ಇಂಗಾಲಸಮಾಂಕ ದೊರೆಯುವುದು. ಅಂತರರಾಷ್ಟ್ರೀಯ ಬೆಸುಗೆ ಸಂಸ್ಥೆ ೧೯೬೭ರಲ್ಲಿ ಇದನ್ನು ಸರಳಗೊಳಿಸಿ ಒಪ್ಪಿತು. ಅದರಂತೆ, ಇಂಗಾಲದ ಶೇಕಡ ಪ್ರಮಾಣಕ್ಕೆ ಮ್ಯಾಂಗನೀಸಿನ ಆರರಲ್ಲೊಂದು ಪಾಲನ್ನೂ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂಗಳ ಮೊತ್ತದ ಐದರಲ್ಲೊಂದು ಪಾಲನ್ನೂ, ನಿಕ್ಕಲ್ ಮತ್ತು ತಾಮ್ರಗಳ ಮೊತ್ತದ ಹದಿನೈದರಲ್ಲೊಂದು ಪಾಲನ್ನೂ ಕೂಡಿಸಬೇಕು.

ಕೊಳವೆಯ ಉಕ್ಕುಗಳನ್ನು ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ ಕ್ರಮದಲ್ಲಿ ಎಕ್ಸ್ ಅಕ್ಷರದ ಮುಂದೆ ಸಂಖ್ಯೆಯಿಟ್ಟು ಹೆಸರಿಸುವರು. ಶಾಶ್ವತವಾಗಿ ಹಿಗ್ಗತೊಡಗುವ ಮುನ್ನ ಉಕ್ಕು ತಡೆಯಬಲ್ಲ ಎಳೆತವನ್ನು ಚದರಂಗುಲಕ್ಕೆ ಸಾವಿರ ಪೌಂಡುಗಳಲ್ಲಿ ಆ ಸಂಖ್ಯೆ ಸೂಚಿಸುವುದು. ೧೯೫೦ರ ದಶಕದ ಎಕ್ಸ್ ೫೨ ಉಕ್ಕಿನ ಬಲ ಹೆಚ್ಚಾಗಿ ಇಂಗಾಲ ಮತ್ತು ಮ್ಯಾಂಗನೀಸುಗಳಿಂದ ಬಂದುದು. ಅದರಲ್ಲಿ ಇಂಗಾಲ ಶೇಕಡ ೦.೨ನ್ನು ಮೀರಿರುವುದು ಸಾಮಾನ್ಯವಾಗಿತ್ತು. ಇದೇ ದಾರಿಯಲ್ಲಿ ಇನ್ನೂ ಮೇಲಕ್ಕೆ ಹೋಗಲು ಬಯಲಿನ ಬೆಸುಗೆ ಅಡ್ಡಬಂದಿತು.

ದಾರಿ ತೋರಿದುದು ಹರಳಿನ ಗಾತ್ರ. ಹರಳು ಸಣ್ಣದಾದಷ್ಟೂ ಉಕ್ಕಿನ ಬಲ ಹೆಚ್ಚುವುದೆಂಬ ಸಂಬಂಧವನ್ನು ಹಾಲ್ ೧೯೫೧ರಲ್ಲಿ, ಪೆಚ್ ೧೯೫೩ರಲ್ಲಿ ನಿರೂಪಿಸಿದರು. ಬಲ ಹೆಚ್ಚಿಸುವ ಇತರ ಉಪಾಯಗಳೆಲ್ಲ ಸಾಮಾನ್ಯವಾಗಿ ದಾರ್ಢ್ಯವನ್ನು ಕುಗ್ಗಿಸಿದರೆ, ಇದೊಂದು ಮಾತ್ರ ಎರಡನ್ನೂ ಒಟ್ಟಿಗೆ ಹೆಚ್ಚಿಸುವುದು. ೧೯೫೮ರಲ್ಲಿ ಅಮೆರಿಕದ ಗ್ರೇಟ್ ಲೇಕ್ಸ್ ಉಕ್ಕಿನ ಕಾರ್ಖಾನೆ ನಿಯೋಬಿಯಂ ಎಂಬ ಧಾತುವನ್ನು ಶೇಕಡ ನೂರರಲ್ಲೊಂದು ಪಾಲಿನ ಮಟ್ಟದಲ್ಲಿ ಬೆರೆಸಿದ ಉಕ್ಕನ್ನು ಮಾರುಕಟ್ಟೆಗೆ ತಂದಿತು. ಉರುಳೆಗಳ ನಡುವೆ ಹಾಯಿಸುವ ಶಾಖವನ್ನು ತಗ್ಗಿಸಿ ಹತೋಟಿಯಲ್ಲಿಟ್ಟರೆ, ನಿಯೋಬಿಯಂನ ಅತಿಸೂಕ್ಷ್ಮ ಕಣಗಳು ಹರಳುಗಳು ಮತ್ತೆ ಬೆಳೆಯದಂತೆ ತಡೆಯುವುವು. ಕುಲುಮೆಯಲ್ಲಿ ಇಂಗಾಲದಿಂದ ಪಡೆಯುತ್ತಿದ್ದ ಬಲವನ್ನು ಉರುಳೆಯ ಕೆಳಗೆ ಹರಳಿನಿಂದ ಪಡೆಯಲು ಇದರಿಂದ ಸಾಧ್ಯವಾಯಿತು. ೧೯೬೦ರ ದಶಕದಲ್ಲಿ ಎಕ್ಸ್ ೬೦ ಮತ್ತು ಎಕ್ಸ್ ೬೫, ೧೯೭೦ರ ದಶಕದಲ್ಲಿ ಎಕ್ಸ್ ೭೦, ೧೯೮೦ರ ದಶಕದಲ್ಲಿ ಎಕ್ಸ್ ೮೦ ಉಕ್ಕುಗಳು ಈ ಮಾರ್ಗದಲ್ಲಿಯೇ ಬಂದವು. ಜರ್ಮನಿಯಲ್ಲಿ ವೆರ್ನೆಯಿಂದ ಶ್ಲೂಖ್ಟರ್ನ್‌ವರೆಗೆ ೧೯೯೨-೯೩ರಲ್ಲಿ ಹಾಕಿದ ಸುಮಾರು ೨೫೦ ಕಿಲೋಮೀಟರಿನ ಅನಿಲಮಾರ್ಗ ಎಕ್ಸ್ ೮೦ ಉಕ್ಕಿನದು.

ಹಳೆಯ ಸಮಾಂಕ ಈ ಹೊಸ ಉಕ್ಕುಗಳಿಗೆ ಒಗ್ಗಲಿಲ್ಲ. ಜಪಾನಿನ ಇತೊ ಮತ್ತು ಬೆಸ್ಸ್ಯೊ ೧೯೬೮ರಲ್ಲಿ ಮತ್ತೊಂದು ಸೂತ್ರವನ್ನು ಕೊಟ್ಟರು. ಅದರಲ್ಲಿ ಇಂಗಾಲದ ಪಾಲು ಹಾಗೆಯೇ ಉಳಿದು, ಮ್ಯಾಂಗನೀಸಿನ ಪಾಲು ಇಪ್ಪತ್ತರಲ್ಲೊಂದಕ್ಕೆ ಇಳಿಯಿತು. ಇತರ ಧಾತುಗಳದೂ ಬಹುಮಟ್ಟಿಗೆ ತಗ್ಗಿತು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶೇಕಡ ೦.೨೬ ಇಂಗಾಲ, ೧.೨ ಮ್ಯಾಂಗನೀಸ್ ಇರುವ ಹಳೆಯ ಮಾದರಿಯ ಉಕ್ಕಿನ ಸಮಾಂಕ ಮೊದಲ ಸೂತ್ರದಂತೆ ೦.೪೬. ಶೇಕಡ ೦.೦೫ ಇಂಗಾಲ, ೦.೨೫ ಸಿಲಿಕಾನ್, ೧.೮ ಮ್ಯಾಂಗನೀಸ್, ತಲಾ ೦.೨ರಷ್ಟು ಕ್ರೋಮಿಯಂ, ನಿಕ್ಕಲ್, ತಾಮ್ರ, ೦.೧ ಮಾಲಿಬ್ಡಿನಂ ಇರುವ ಹೊಸ ಮಾದರಿಯ ಉಕ್ಕಿನದು ಸುಮಾರು ೦.೪೪. ಎರಡೂ ಹೆಚ್ಚುಕಡಿಮೆ ಸಮವೆಂದೇ ಮೊದಲ ಸೂತ್ರ ಹೇಳುವುದು. ಎರಡನೆಯ ಸೂತ್ರದಲ್ಲಿಯಾದರೋ ಹಳೆಯದು ಸುಮಾರು ೦.೩೨, ಹೊಸದು ಸುಮಾರು ೦.೧೮. ಬಯಲಿನ ಅನುಭವ ಎರಡನೆಯ ಸೂತ್ರದ ಕಡೆಗಿದೆ. ಇಂಗಾಲ ಅತ್ಯಲ್ಪವಾದ ಉಕ್ಕಿನಲ್ಲಿ ಮಾರ್ಟೆನ್ಸೈಟ್ ಹುಟ್ಟಿದರೂ ಅದು ಹಳೆಯ ಉಕ್ಕಿನದರಷ್ಟು ಗಡುಸಾಗಿರುವುದಿಲ್ಲ.

೭. ಉಳಿದ ಸಮಸ್ಯೆಗಳು

ಸುತ್ತುಬೆಸುಗೆಯ ಜಲಜನಕದ ಬಿರುಕನ್ನು ಇಂಗಾಲದ ಇಳಿತ ಬಹುಮಟ್ಟಿಗೆ ಹತೋಟಿಗೆ ತಂದಿತು. ನೀಳಬೆಸುಗೆಯ ದಪ್ಪಹರಳಿನ ಸಮಸ್ಯೆ ಹಾಗೆಯೇ ಉಳಿಯಿತು. ಉರುಳೆಯ ಕೆಳಗೆ ಹರಳುಗಳನ್ನು ಕಾದ ನಿಯೋಬಿಯಂ ಕಣಗಳು ಚಾಪದ ಪಕ್ಕದ ಕಾವಿನಲ್ಲಿ ಕರಗಿಹೋಗುವುವು. ಕಾರ್ಖಾನೆಯಲ್ಲಿ ಬಹು ಪ್ರಯಾಸದಿಂದ ಪಡೆದ ಸಣ್ಣ ಹರಳು ಕೆಲವು ಕ್ಷಣಗಳಲ್ಲಿ ನಾಶವಾಗುವುದು. ಇನ್ನೂ ಹೆಚ್ಚಿನ ಶಾಖದಲ್ಲಿ ಕರಗದೆ ನಿಲ್ಲುವ ಟೈಟೇನಿಯಂ-ಸಾರಜನಕ ಕಣಗಳನ್ನು ಉಕ್ಕಿನಲ್ಲಿ ಮೊದಲೇ 
ಹರಡಿಡುವ ಉಪಾಯವನ್ನು ಜಪಾನಿನ ಲೋಹಶಾಸ್ತ್ರಜ್ಞರು ೧೯೭೦ರ ದಶಕದಲ್ಲಿ ಬೆಳೆಸಿದರು. ಶೇಕಡ ೦.೦೧ರಿಂದ ೦.೦೨ರಷ್ಟು ಟೈಟೇನಿಯಂ ಇದಕ್ಕೆ ಸಾಕು. ಹೆಚ್ಚಾದರೆ ಕಣಗಳೇ ದಪ್ಪವಾಗಿ ಬಿರುಕಿಗೆ ಬೀಜವಾಗುವುವು.

ಒಂದರ ಮೇಲೊಂದು ಸಾಲಾಗಿ ಬೆಸೆದಾಗ ಮತ್ತೊಂದು ತೊಡಕುಂಟು. ಮೊದಲ ಸಾಲು ದಪ್ಪಹರಳಾಗಿಸಿದ ಜಾಗವನ್ನು ಎರಡನೆಯ ಸಾಲು ಅರ್ಧ ರೂಪಾಂತರದ ಶಾಖಕ್ಕೆ ಮತ್ತೆ ಕಾಯಿಸಿದರೆ, ದೊಡ್ಡ ಹರಳುಗಳ ಅಂಚಿನಲ್ಲಿ ಇಂಗಾಲ ಕೂಡಿಕೊಂಡು, ತಣಿದಾಗ ಮಾರ್ಟೆನ್ಸೈಟ್ ಮತ್ತು ಉಳಿಕೆ ಆಸ್ಟೆನೈಟ್ ಸೇರಿದ ಗಡುಸು ದ್ವೀಪಗಳು ಉಂಟಾಗುವುವು. ಹಾರದಂತೆ ಹೆಣೆದುಕೊಂಡ ಈ ದ್ವೀಪಗಳು ಇಡೀ ವಲಯದಲ್ಲಿ ಅತ್ಯಂತ ಪೆಡಸಾದ ತಾಣವೆನ್ನಿಸಿವೆ. ೧೯೮೦ರ ದಶಕದಲ್ಲಿ ಸಮುದ್ರದಲ್ಲಿನ ತೈಲವೇದಿಕೆಗಳ ಉಕ್ಕಿನ ಸಂಬಂಧದಲ್ಲಿ ಈ ಸ್ಥಳೀಯ ಪೆಡಸು ತಾಣಗಳ ಚರ್ಚೆ ಬಹಳ ನಡೆಯಿತು. ಅಳತೆಯ ಕಷ್ಟವೂ ಇಲ್ಲಿ ಸೇರಿದೆ. ಶಾರ್ಪಿ ಪರೀಕ್ಷೆಯ ತುಂಡಿನ ಅಗಲ ೧೦ ಮಿಲಿಮೀಟರ್. ಪೆಡಸು ತಾಣದ ಅಗಲ ಅದರ ಹತ್ತರಲ್ಲೊಂದು ಪಾಲೂ ಇಲ್ಲದಿರಬಹುದು. ಕಚ್ಚು ಅರ್ಧ ಮಿಲಿಮೀಟರ್ ಅತ್ತಿತ್ತ ಸರಿದರೆ ಫಲಿತಾಂಶ ಹಲವು ಪಟ್ಟು ಬದಲಾಗುವುದು. ಆದುದರಿಂದ ಸರಾಸರಿಯನ್ನು ನಂಬುವುದು ಇಲ್ಲಿ ಕ್ಷೇಮಕರವಲ್ಲ; ಬಿರುಕು ಸರಾಸರಿಯನ್ನು ನೋಡಿ ಹುಟ್ಟುವುದಿಲ್ಲ, ಅತ್ಯಂತ ದುರ್ಬಲವಾದ ತಾಣವನ್ನು ಹುಡುಕಿಕೊಂಡು ಹುಟ್ಟುವುದು.

ಹೊಸ ಉಕ್ಕುಗಳಲ್ಲಿ ಇದಕ್ಕೆ ವಿಪರೀತವಾದ ದೋಷವೂ ಕಂಡುಬಂದಿದೆ. ಬಲವೆಲ್ಲ ಉರುಳೆ ಮತ್ತು ತಣಿವಿನ ಹತೋಟಿಯಿಂದ ಬಂದುದಾದ್ದರಿಂದ, ಬೆಸುಗೆಯ ಕಾವು ಆ ಬಲವನ್ನು ಕರಗಿಸಿ ಪಕ್ಕದ ಪಟ್ಟಿಯನ್ನು ಮೆದು ಮಾಡಬಹುದು. ನೆಲ ಜಾರಿ ಕೊಳವೆ ಬಾಗಿದಾಗ ಹಿಗ್ಗೆಲ್ಲ ಆ ಮೆದು ಪಟ್ಟಿಯಲ್ಲಿಯೇ ಕೇಂದ್ರೀಕರಿಸುವುದು. ಚೀನದ ಗ್ವಿಝೌ ಪ್ರಾಂತದ ಚಿಂಗ್‌ಲಾಂಗ್ ಎಂಬಲ್ಲಿ ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಎಕ್ಸ್ ೮೦ ಉಕ್ಕಿನ ಅನಿಲಮಾರ್ಗ ಸುತ್ತುಬೆಸುಗೆಯಲ್ಲಿ ಒಡೆದು ಸ್ಫೋಟಗೊಂಡು ಪ್ರಾಣಹಾನಿಯಾಯಿತು. ಉಕ್ಕು ಎಷ್ಟೇ ಉತ್ತಮವಾದರೂ ಬಯಲಿನ ಬೆಸುಗೆಯ ಮೇಲ್ವಿಚಾರಣೆಯನ್ನು ಸಡಿಲಿಸಲಾಗದೆಂಬುದನ್ನು ಇದು ನೆನಪಿಸುವುದು.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುವುವು. ಮೊದಲನೆಯದಾಗಿ, ಬೆಸುಗೆ ಎಂಬುದು ಉಕ್ಕನ್ನು ಕೂಡಿಸುವ ಕ್ರಿಯೆಯಾಗಿರುವಷ್ಟೇ ಉಕ್ಕನ್ನು ಮತ್ತೊಮ್ಮೆ ತಯಾರಿಸುವ ಕ್ರಿಯೆಯೂ ಆಗಿದೆ. ಆ ಎರಡನೆಯ ತಯಾರಿಕೆ ಕೆಲವೇ ಕ್ಷಣಗಳಲ್ಲಿ, ಕಾರ್ಖಾನೆಯ ಹತೋಟಿಯ ಹೊರಗೆ ನಡೆಯುವುದು. ಎರಡನೆಯದಾಗಿ, ಪ್ರತಿಯೊಂದು ಅನಾಹುತದ ಅನಂತರ ಹೊರೆ ಬೆಸುಗೆಗಾರನಿಂದ ತಗಡಿಗೆ, ತಗಡಿನಿಂದ ವಲಯಕ್ಕೆ ಸರಿಯುತ್ತ ಬಂದು, ಕೊನೆಗೆ ಮೂರನ್ನೂ ಒಟ್ಟಾಗಿ ನೋಡುವ ದೃಷ್ಟಿ ಬೆಳೆಯಿತು. ಮೂರನೆಯದಾಗಿ, ಇಂದಿನ ಕೊಳವೆಯ ಉಕ್ಕಿನಲ್ಲಿ ಇಂಗಾಲ ಇಷ್ಟು ಕಡಿಮೆಯಾಗಿರುವುದಕ್ಕೆ ಬಯಲಿನ ಬೆಸುಗೆಗಾರನ ಕಡ್ಡಿಯ ತುದಿಯ ಕಾವೇ ಪ್ರಧಾನ ಕಾರಣ.

ಈ ವಿಷಯ ನಮ್ಮ ನಾಡಿಗೂ ದೂರದ್ದಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡಗಳ ಮಾರ್ಗವಾಗಿ ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ತರುವ, ಸುಮಾರು ೧,೦೦೦ ಕಿಲೋಮೀಟರ್ ಉದ್ದದ ಮಾರ್ಗ ೨೦೧೩ರಲ್ಲಿ ಕಾರ್ಯಾರಂಭ ಮಾಡಿತು. ಕೊಳವೆಯೊಂದರ ಉದ್ದ ಸುಮಾರು ೧೨ ಮೀಟರೆಂದಿಟ್ಟುಕೊಂಡರೆ, ಕಿಲೋಮೀಟರಿಗೆ ೮೦ಕ್ಕೂ ಹೆಚ್ಚು ಸುತ್ತುಬೆಸುಗೆಗಳು. ಇಷ್ಟು ಉದ್ದದ ಮಾರ್ಗದಲ್ಲಿ ೮೦,೦೦೦ಕ್ಕೂ ಹೆಚ್ಚು. ಅವುಗಳಲ್ಲಿ ಒಂದೊಂದರ ಎರಡು ಪಕ್ಕಗಳಲ್ಲಿಯೂ ನಾವು ಇಲ್ಲಿ ವಿವೇಚಿಸಿದ ಕಿರಿದಾದ ಪಟ್ಟಿ ಇರುವುದು. ಅದರ ಮೇಲೆ ಜೋಳದ, ಹತ್ತಿಯ ಹೊಲಗಳನ್ನು ಉಳುವವರ ಕ್ಷೇಮ ಆ ಪಟ್ಟಿಯ ಹರಳುಗಳ ಮೇಲೆ ನಿಂತಿದೆಯೆಂಬುದನ್ನು ಲೋಹಶಾಸ್ತ್ರದ ವಿದ್ಯಾರ್ಥಿಗಳು ಮರೆಯಬಾರದು.